ಬಿಲ್ ಸೇವ್ ಆಗದ ಸೋಮವಾರ: ಸರ್ವರ್ ಖಾಲಿ ಕೂತಿದ್ದರೂ ಆ್ಯಪ್ ನಿಂತಾಗ ದೋಷ ಹುಡುಕುವ ಬಗೆ

ಕಲಬುರಗಿಯ ಒಂದು ಔಷಧ ಸಗಟು ವ್ಯಾಪಾರ ಸಂಸ್ಥೆಯ ಬಿಲ್ಲಿಂಗ್ ಸಿಸ್ಟಂ ನೋಡಿಕೊಳ್ಳುವ ಕೆಲಸ ನನ್ನದು. ಮುಖ್ಯ ಗೋದಾಮು ಕಲಬುರಗಿಯಲ್ಲಿದೆ, ಶಾಖೆಗಳು ಬೀದರ್ ಮತ್ತು ಯಾದಗಿರಿಯಲ್ಲಿ. ಸೇಡಂ, ಚಿಂಚೋಳಿ, ಹುಮನಾಬಾದ್, ಶಹಾಪುರ, ಸುರಪುರದ ಮೆಡಿಕಲ್ ಅಂಗಡಿಗಳಿಗೆ ಮಾಲು ಈ ಮೂರು ಕಡೆಯಿಂದ ಹೋಗುತ್ತದೆ. ಬೆಳಿಗ್ಗೆ ಆರ್ಡರ್, ಮಧ್ಯಾಹ್ನದೊಳಗೆ ಬಿಲ್, ಆಮೇಲೆ ವ್ಯಾನಿಗೋ ಬಸ್ಸಿಗೋ ಪಾರ್ಸೆಲ್. ಬಿಲ್ ನಿಂತರೆ ಡಬ್ಬಿ ನಿಲ್ಲುತ್ತದೆ. ಡಬ್ಬಿಯೊಳಗೆ ಇನ್ಸುಲಿನ್ ಇದ್ದರೆ ಐಸ್ ಪ್ಯಾಕ್ ಕರಗಲು ಶುರುವಾಗುತ್ತದೆ, ಬಸ್ ತಪ್ಪಿದರೆ ಹಳ್ಳಿಯ ಅಂಗಡಿಯವರು ರೋಗಿಗೆ ‘ನಾಳೆ ಬರ್ರಿ’ ಅನ್ನಬೇಕಾಗುತ್ತದೆ. ಹಾಗಾಗಿ ಆ್ಯಪ್ ನಿಧಾನವಾಗುವುದನ್ನು ನಾನು ಬರೀ ಕಂಪ್ಯೂಟರಿನ ತೊಂದರೆ ಎಂದು ನೋಡಿದವನಲ್ಲ.

ಸಾಲಾಗಿ ಮೂರು ಸೋಮವಾರ ನಮ್ಮ ಸಿಸ್ಟಂ ಹತ್ತೂಮುಕ್ಕಾಲರಿಂದ ಹನ್ನೆರಡೂಕಾಲರವರೆಗೆ ಹೆಚ್ಚುಕಡಿಮೆ ನಿಂತೇ ಹೋಯಿತು. ಅದರ ಕಾರಣ ಹೇಗೆ ಸಿಕ್ಕಿತು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಿಮ್ಮದು ಸಿಮೆಂಟ್ ವ್ಯಾಪಾರವಿರಲಿ, ಸಹಕಾರಿ ಸಂಘವಿರಲಿ, ಕಾಲೇಜಿನ ಶುಲ್ಕದ ಆ್ಯಪ್ ಇರಲಿ, ಹುಡುಕುವ ದಾರಿ ಇದೇ.

ನಮ್ಮ ಸಿಸ್ಟಂನ ಜೋಡಣೆ ಹೀಗಿದೆ. ಆಪರೇಟರ್ ಬ್ರೌಸರಿನಲ್ಲಿ ಬಿಲ್ ಹೊಡೆಯುತ್ತಾರೆ. ಅದು ಎಂಜಿನ್‌ಎಕ್ಸ್ (ಕೋರಿಕೆಗಳನ್ನು ಮೊದಲು ಪಡೆದು ಆ್ಯಪ್‌ಗೆ ದಾಟಿಸುವ ವೆಬ್ ಸರ್ವರ್) ಮೂಲಕ, ಟಾಮ್‌ಕ್ಯಾಟ್ (ಜಾವಾ ಆ್ಯಪ್ ಓಡಿಸುವ ಸರ್ವರ್) ಮೇಲೆ ಓಡುವ ಜಾವಾ ಆ್ಯಪ್‌ಗೆ ಬರುತ್ತದೆ. ಆ್ಯಪ್ ಒಂದು ಕನೆಕ್ಷನ್ ಪೂಲ್ (ಮೊದಲೇ ತೆರೆದಿಟ್ಟು ಸರದಿಯಂತೆ ಬಳಸುವ ಕನೆಕ್ಷನ್‌ಗಳ ಗುಂಪು) ಮೂಲಕ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹೋಗುತ್ತದೆ. ಇದಲ್ಲದೆ ಹೊರಗಿನ ಒಂದು ಕೊಂಡಿಯೂ ಇದೆ. 2023ರ ಆಗಸ್ಟ್ 1ರಿಂದ, ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದ ಸಂಸ್ಥೆಗಳು ಜಿಎಸ್‌ಟಿ ನೋಂದಾಯಿತ ಖರೀದಿದಾರರಿಗೆ ಕೊಡುವ ಬಿಲ್ಲುಗಳಿಗೆ ಇ-ಇನ್‌ವಾಯ್ಸ್ ಮಾಡಿಸಿ, ಅಂದರೆ ಸರ್ಕಾರಿ ಪೋರ್ಟಲ್ಲಿನಲ್ಲಿ ನೋಂದಾಯಿಸಿ, ಐಆರ್‌ಎನ್ ಎಂಬ ಗುರುತು ಪಡೆಯಬೇಕು. ನಮ್ಮ ಆ್ಯಪ್ ಅದನ್ನು ಒಂದು ಮಧ್ಯವರ್ತಿ ಸೇವೆಯ ಮೂಲಕ ತರಿಸಿಕೊಳ್ಳುತ್ತದೆ. ಒಂದು ಬಿಲ್ಲಿಗೆ ಸುಮಾರು 3 ಸೆಕೆಂಡು ಹಿಡಿಯುತ್ತದೆ, ಮೊದಲಿನಿಂದಲೂ ಅಷ್ಟೇ. ಈ 3 ಸೆಕೆಂಡನ್ನು ನೆನಪಿಟ್ಟುಕೊಳ್ಳಿ.

ಫೋನಿನಲ್ಲೇ ಸಿಗುವ ಸುಳಿವು

ಮೊದಲ ಕರೆ ಬಂದದ್ದು ಯಾದಗಿರಿಯಿಂದ. ಅಲ್ಲಿ ಬಿಲ್ಲಿಂಗ್ ನೋಡುವ ಅಕ್ಕ ಹೇಳಿದ್ದು ಇಷ್ಟು: “ಸರ, ಬಿಲ್ ಸೇವ್ ಆಗವಲ್ದು. ಚಕ್ರಾ ತಿರಗ್ಲಾಕತ್ತದ ನೋಡ್ರಿ. ಹನ್ನೆರಡಕ್ಕ ಬಸ್ ಬಿಡ್ತದ, ಏನರ ಮಾಡ್ರಿ.”

ಇಂಥ ಕರೆ ಬಂದಾಗ ಕೈ ತಾನಾಗಿ ರೀಸ್ಟಾರ್ಟ್ ಕಡೆ ಹೋಗುತ್ತದೆ. ತಡೆದುಕೊಳ್ಳಿ. ರೀಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಸರಿಹೋದಂತೆ ಕಾಣುತ್ತದೆ, ಆದರೆ ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಮೊದಲು ಎರಡು ನಿಮಿಷ ಮಾತಾಡಿ. ಯಾವ ಪರದೆ ನಿಂತಿದೆ, ಎಲ್ಲ ಪರದೆಗಳೂ ನಿಂತಿವೆಯೇ ಅಥವಾ ಅದೊಂದೇ? ಪಕ್ಕದವರಿಗೂ ಹಾಗೇ ಆಗುತ್ತಿದೆಯೇ? ಬೇರೆ ಊರಿನ ಶಾಖೆಯವರಿಗೆ? ಎಷ್ಟು ಗಂಟೆಗೆ ಶುರುವಾಯಿತು? ಪೂರ್ತಿ ನಿಂತಿದೆಯೋ, ತಡವಾಗಿಯಾದರೂ ಮುಗಿಯುತ್ತಿದೆಯೋ? ಪರದೆ ಮೇಲೆ ಬಂದ ತಪ್ಪಿನ ಸಂದೇಶದ ಫೋಟೋ ಇದೆಯೇ? ಹಿಂದಿನ ವಾರಕ್ಕೂ ಈ ವಾರಕ್ಕೂ ನಡುವೆ ಏನು ಬದಲಾಗಿದೆ?

ನಮಗೆ ಈ ಪ್ರಶ್ನೆಗಳಿಂದಲೇ ಎರಡು ಗಟ್ಟಿ ಸುಳಿವು ಸಿಕ್ಕವು. ಒಂದು, ಕಲಬುರಗಿ ಗೋದಾಮಿನಲ್ಲಿ ಸರ್ವರ್ ಪಕ್ಕದ ಕೋಣೆಯಲ್ಲೇ ಕೂತವರಿಗೂ ಅದೇ ಗತಿ. ಅಂದರೆ ಯಾದಗಿರಿಯ ನೆಟ್ ಕಾರಣವಲ್ಲ. ಎರಡು, ಬಿಲ್ ಹೊಡೆಯದೆ ಬರೀ ಖಾತೆ ತೆರೆದು ಬಾಕಿ ನೋಡುವವರೂ ನಿಂತಿದ್ದರು. ಬಿಲ್ಲಿಗೂ ಬಾಕಿ ನೋಡುವುದಕ್ಕೂ ಸಮಾನವಾದದ್ದು ಏನೋ ಒಂದು ಮುಗಿದುಹೋಗಿದೆ ಎಂದರ್ಥ. ಹಿಂದಿನ ತಿಂಗಳಷ್ಟೇ ಬೀದರ್ ಶಾಖೆ ತನ್ನ ಹಳೆಯ ತಂತ್ರಾಂಶ ಬಿಟ್ಟು ಇದೇ ಸಿಸ್ಟಂಗೆ ಸೇರಿಕೊಂಡಿತ್ತು. ಈ ಮೂರನೆಯ ಸಂಗತಿ ಆಗ ಎಲ್ಲರ ಕಣ್ಣ ಮುಂದೆಯೇ ಇತ್ತು. ಆದರೆ ಮೊದಲ ಎರಡು ವಾರ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸರಾಸರಿಯನ್ನು ನಂಬಬೇಡಿ

ನಮ್ಮ ಹಳೆಯ ಡ್ಯಾಶ್‌ಬೋರ್ಡಿನಲ್ಲಿ ದಿನದ ಸರಾಸರಿ ಪ್ರತಿಕ್ರಿಯೆ ಸಮಯ ಎರಡು ಸೆಕೆಂಡಿಗಿಂತ ಕಡಿಮೆ ಎಂದು ತೋರಿಸುತ್ತಿತ್ತು. ಅದನ್ನು ನೋಡಿ ಮಾಲೀಕರು “ಎಲ್ಲಾ ಛಲೋ ಅದಲ್ರಿ ಮತ್ತ?” ಅಂದರು. ಲೆಕ್ಕ ಮಾಡಿ ನೋಡಿ. 1000 ಕೋರಿಕೆಗಳಲ್ಲಿ 950 ಕೋರಿಕೆಗಳು 0.4 ಸೆಕೆಂಡಿನಲ್ಲಿ ಮುಗಿದು, 50 ಕೋರಿಕೆಗಳು 30 ಸೆಕೆಂಡು ಹಿಡಿದರೆ ಸರಾಸರಿ ಬರುವುದು 1.88 ಸೆಕೆಂಡು. ನಿಜವಾಗಿ 1.88 ಸೆಕೆಂಡು ಕಾದವರು ಒಬ್ಬರೂ ಇಲ್ಲ. ಒಂದಷ್ಟು ಜನರಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿದೆ, ಇನ್ನೊಂದಷ್ಟು ಜನ ಕೈ ಕಟ್ಟಿ ಕೂತಿದ್ದಾರೆ.

ಅದಕ್ಕೇ ಪರ್ಸೆಂಟೈಲ್ ನೋಡಬೇಕು. ಅರ್ಧ ಜನರ ಅನುಭವ ಹೇಗಿತ್ತು ಎಂದು 50ನೇ ಪರ್ಸೆಂಟೈಲ್ ಹೇಳುತ್ತದೆ. ನೂರರಲ್ಲಿ ಕಡೆಯ ಐವರು, ಕಡೆಯ ಒಬ್ಬರು ಎಷ್ಟು ಕಾದರು ಎಂಬುದು 95ನೇ ಮತ್ತು 99ನೇ ಪರ್ಸೆಂಟೈಲ್‌ಗಳಿಂದ ಗೊತ್ತಾಗುತ್ತದೆ. ಇವನ್ನು ಇಡೀ ದಿನಕ್ಕೆ ಒಂದೇ ಸಲ ಲೆಕ್ಕ ಹಾಕದೆ ಐದೈದು ನಿಮಿಷಕ್ಕೆ, ಪರದೆವಾರು ಬೇರೆ ಬೇರೆಯಾಗಿ ಹಾಕಿ. ನಾವು ಹಾಗೆ ಮಾಡಿದಾಗ 11:05ಕ್ಕೆ ಬಿಲ್ ಸೇವ್‌ನ 95ನೇ ಪರ್ಸೆಂಟೈಲ್ 30 ಸೆಕೆಂಡಿಗೆ ಗೋಡೆಯಂತೆ ನಿಂತಿರುವುದು ಕಂಡಿತು.

ಹೊಸ ಉಪಕರಣ ಕೊಳ್ಳದೆಯೂ ಇದನ್ನು ಮಾಡಬಹುದು. ಎಂಜಿನ್‌ಎಕ್ಸ್ ಲಾಗಿನಲ್ಲಿ ರಿಕ್ವೆಸ್ಟ್ ಟೈಮ್ (ಕೋರಿಕೆ ಪೂರ್ತಿ ಮುಗಿಯಲು ಹಿಡಿದ ಸಮಯ), ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್ (ಆ್ಯಪ್ ಉತ್ತರಿಸಲು ಹಿಡಿದ ಸಮಯ) ಎಂಬ ಎರಡು ಅಂಕಿಗಳನ್ನು ಬರೆಯುವಂತೆ ಮಾಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ತಡವಾಗುತ್ತಿರುವುದು ಆ್ಯಪ್ ಒಳಗೆ. ಮೊದಲನೆಯದು ದೊಡ್ಡದಾಗಿ ಎರಡನೆಯದು ಚಿಕ್ಕದಾಗಿದ್ದರೆ ಬಳಕೆದಾರರ ಕಡೆಯ ನೆಟ್ ನಿಧಾನ. ನೆಟ್ ಕೊಡುವವರ ಜೊತೆ ಗಂಟೆಗಟ್ಟಲೆ ವಾದ ಮಾಡುವುದನ್ನು ಈ ಎರಡು ಕಾಲಂ ಉಳಿಸುತ್ತವೆ. ನಮ್ಮಲ್ಲಿ ಎರಡೂ ಒಂದೇ ಇದ್ದವು.

ದುಂಡು ಅಂಕಿಗಳು ಹೇಳುವ ಮಾತು

ನಿಜವಾದ ಕೆಲಸದಿಂದ ಆಗುವ ತಡ ದುಂಡಾಗಿರುವುದಿಲ್ಲ. 7.3 ಸೆಕೆಂಡು, 11.8 ಸೆಕೆಂಡು ಹೀಗೆ ಚೆಲ್ಲಾಪಿಲ್ಲಿಯಾಗಿರುತ್ತದೆ. ಅಂಕಿಗಳು 5, 30, 60ಕ್ಕೆ ಬಂದು ಗುಂಪುಗಟ್ಟಿದರೆ ಅಲ್ಲೊಂದು ಟೈಮ್‌ಔಟ್ (ಇಷ್ಟು ಹೊತ್ತು ಕಾದು ಕೈಬಿಡು ಎಂಬ ಮಿತಿ) ಅಡಗಿದೆ ಎಂದು ತಿಳಿಯಿರಿ. ಲಿನಕ್ಸ್‌ನಲ್ಲಿ ಡಿಎನ್‌ಎಸ್ (ಸರ್ವರಿನ ಹೆಸರಿಗೆ ಅದರ ವಿಳಾಸ ಹೇಳುವ ಸೇವೆ) ಉತ್ತರಕ್ಕಾಗಿ ಕಾಯುವ ಮೂಲ ಅವಧಿ 5 ಸೆಕೆಂಡು. ಹಿಕಾರಿ ಎಂಬ ಜಾವಾ ಕನೆಕ್ಷನ್ ಪೂಲ್, ಖಾಲಿ ಕನೆಕ್ಷನ್ ಸಿಗದಿದ್ದರೆ 30 ಸೆಕೆಂಡು ಕಾದು ಕೈಬಿಡುತ್ತದೆ. ಎಂಜಿನ್‌ಎಕ್ಸ್ ಹಿಂದಿನ ಆ್ಯಪ್‌ನಿಂದ 60 ಸೆಕೆಂಡು ಏನೂ ಬಾರದಿದ್ದರೆ 504 ಎಂಬ ತಪ್ಪಿನ ಸಂಕೇತ ಕೊಟ್ಟು ಮುಗಿಸುತ್ತದೆ. ಯಾರೂ ಬದಲಾಯಿಸದಿದ್ದರೆ ಇರುವ ಅಂಕಿಗಳು ಇವು. ನಿಮ್ಮ ಸಿಸ್ಟಂನ ಎಲ್ಲ ಟೈಮ್‌ಔಟ್‌ಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ, ಗ್ರಾಫ್ ನೋಡಿದ ಕೂಡಲೇ ಯಾವ ಪದರದ ಮೇಲೆ ಕಣ್ಣಿಡಬೇಕೆಂದು ಗೊತ್ತಾಗುತ್ತದೆ.

ನಮ್ಮದು 30. ಆ್ಯಪ್ ಲಾಗಿನಲ್ಲಿಯೂ ‘ಕನೆಕ್ಷನ್ ಲಭ್ಯವಿಲ್ಲ, 30000 ಮಿಲಿಸೆಕೆಂಡಿನ ನಂತರ ಕೈಬಿಡಲಾಗಿದೆ’ ಎಂಬರ್ಥದ ಸಾಲುಗಳು ನೂರಾರು. ಹಿಕಾರಿಯ ಮೂಲ ಗರಿಷ್ಠ ಕನೆಕ್ಷನ್ ಸಂಖ್ಯೆ 10, ನಾವೂ ಅಷ್ಟೇ ಇಟ್ಟಿದ್ದೆವು. ಬಾಕಿ ನೋಡುವವರು ಯಾಕೆ ನಿಂತರು ಎಂಬುದಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಹತ್ತೂ ಕನೆಕ್ಷನ್‌ಗಳನ್ನು ಬೇರೆ ಯಾರೋ ಹಿಡಿದುಕೊಂಡಿದ್ದಾರೆ. ಆದರೆ ಅಷ್ಟು ಹೊತ್ತು ಹಿಡಿದು ಅವರು ಏನು ಮಾಡುತ್ತಿದ್ದಾರೆ?

ದಣಿದ ಸಿಸ್ಟಂ ಬೇರೆ, ಕಾಯುತ್ತಿರುವ ಸಿಸ್ಟಂ ಬೇರೆ

ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೊಂದೇ. ನಿಧಾನವಾದ ಸಿಸ್ಟಂ ಕೆಲಸ ಹೆಚ್ಚಾಗಿ ದಣಿದಿದೆಯೋ, ಅಥವಾ ಯಾವುದಕ್ಕೋ ಕಾದು ನಿಂತಿದೆಯೋ? ದಣಿದಿದ್ದರೆ ಸಿಪಿಯು, ಮೆಮರಿ, ಡಿಸ್ಕ್ ಸೇರಿಸಿದರೆ ಉಪಯೋಗವಾಗುತ್ತದೆ. ಕಾಯುತ್ತಿದ್ದರೆ ಎಷ್ಟು ದುಡ್ಡು ಸುರಿದರೂ ಆಗುವುದಿಲ್ಲ. ಯಾವುದಕ್ಕೆ ಕಾಯುತ್ತಿದೆ ಎಂದು ಹೆಸರು ಹಿಡಿದು ಹೇಳಬೇಕು.

ಆ ಹೊತ್ತಿನಲ್ಲಿ ನಮ್ಮ ಡೇಟಾಬೇಸ್ ಸರ್ವರಿನ ಸಿಪಿಯು ಬಳಕೆ 12 ಪ್ರತಿಶತ. ಸರ್ವರಿನ ಸ್ಥಿತಿ ತೋರಿಸುವ ವಿಎಂಸ್ಟ್ಯಾಟ್‌ನಲ್ಲಿ ಡಿಸ್ಕಿಗಾಗಿ ಕಾಯುವ ಅಂಕಿ ಸೊನ್ನೆಯ ಆಸುಪಾಸು. ಲೋಡ್ ಆವರೇಜ್ ಒಂದನ್ನೂ ಮುಟ್ಟಿರಲಿಲ್ಲ. ಇಲ್ಲಿ ಒಂದು ಮಾತು ಸೇರಿಸುತ್ತೇನೆ: ಲಿನಕ್ಸ್‌ನ ಲೋಡ್ ಆವರೇಜ್ ಸಿಪಿಯುಗಾಗಿ ಕಾಯುವವರನ್ನಷ್ಟೇ ಎಣಿಸುವುದಿಲ್ಲ, ಡಿಸ್ಕಿನಂಥದ್ದಕ್ಕೆ ಕಾದು ಅಲುಗಾಡದೆ ಕೂತ ಪ್ರಕ್ರಿಯೆಗಳನ್ನೂ ಎಣಿಸುತ್ತದೆ. ಹಾಗಾಗಿ ಲೋಡ್ ಹೆಚ್ಚಿದ್ದರೂ ಸಿಪಿಯು ಖಾಲಿ ಇರಬಹುದು. ಆದರೆ ಡೇಟಾಬೇಸಿನೊಳಗೆ ಲಾಕಿಗಾಗಿ (ಬೇರೊಬ್ಬರು ಹಿಡಿದಿರುವ ಸಾಲು ಬಿಡುಗಡೆಯಾಗಲೆಂದು) ಕಾಯುವವರು, ನೆಟ್ ಉತ್ತರಕ್ಕಾಗಿ ಕಾಯುವವರು ಈ ಯಾವ ಅಂಕಿಯಲ್ಲೂ ಕಾಣುವುದಿಲ್ಲ. ಅವರು ನಿದ್ದೆ ಹೋದಂತೆ ಇರುತ್ತಾರೆ. ಸರ್ವರ್ ಖಾಲಿ ಕಂಡಿತು ಎಂದು ಸಮಾಧಾನಪಟ್ಟುಕೊಂಡರೆ ಮೋಸ ಹೋಗುವುದು ಇಲ್ಲೇ.

ಮೊದಲು ಆ್ಯಪ್ ಕಡೆಯಿಂದ ನೋಡಿದೆವು. ಜಾವಾ ಜೊತೆ ಬರುವ ಜೆಸ್ಟ್ಯಾಕ್‌ನಿಂದ ಥ್ರೆಡ್ ಡಂಪ್ (ಆ್ಯಪ್‌ನ ಪ್ರತಿ ಥ್ರೆಡ್, ಅಂದರೆ ಕೆಲಸದ ಎಳೆ, ಆ ಕ್ಷಣ ಎಲ್ಲಿದೆ ಎಂಬ ಪಟ್ಟಿ) ತೆಗೆಯಿರಿ, ಆದರೆ ಒಂದೇ ಸಲ ತೆಗೆದು ಬಿಡಬೇಡಿ. ಹತ್ತು ಸೆಕೆಂಡು ಬಿಟ್ಟು ಬಿಟ್ಟು ಮೂರು ಸಲ ತೆಗೆಯಿರಿ. ಒಂದು ಡಂಪ್ ಫೋಟೋ ಇದ್ದಂತೆ, ಯಾರು ಓಡುತ್ತಿದ್ದಾರೆ ಯಾರು ನಿಂತಿದ್ದಾರೆ ಎಂದು ಹೇಳಲಾಗದು. ಮೂರನ್ನು ಪಕ್ಕಪಕ್ಕ ಇಟ್ಟರೆ ಅಲುಗಾಡದವರು ಗೊತ್ತಾಗುತ್ತಾರೆ. ನಮ್ಮ ಡಂಪ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಥ್ರೆಡ್‌ಗಳು ಪೂಲಿನ ಬಾಗಿಲಲ್ಲಿ ಕನೆಕ್ಷನ್ ಬೇಡಿ ನಿಂತಿದ್ದವು. ಒಂಬತ್ತು ಥ್ರೆಡ್‌ಗಳು ಡೇಟಾಬೇಸಿನ ಉತ್ತರಕ್ಕೆ ಕಾಯುತ್ತಿದ್ದವು. ಉಳಿದ ಒಂದು ಥ್ರೆಡ್ ಡೇಟಾಬೇಸಿನ ಕನೆಕ್ಷನ್ ಕೈಯಲ್ಲಿ ಹಿಡಿದುಕೊಂಡೇ, ಹೊರಗಿನ ಮಧ್ಯವರ್ತಿ ಸೇವೆಯ ಉತ್ತರಕ್ಕೆ ಕಾಯುತ್ತಿತ್ತು. ಮೂರೂ ಡಂಪ್‌ನಲ್ಲಿ ಇದೇ ಚಿತ್ರ, ಆದರೆ ಆ ‘ಒಂದು’ ಥ್ರೆಡ್ ಪ್ರತಿ ಸಲವೂ ಬೇರೆ ಬೇರೆ.

ಆಮೇಲೆ ಡೇಟಾಬೇಸ್ ಕಡೆಯಿಂದ. ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ’ ಎಂಬ ನೋಟವಿದೆ. ಯಾರು ಯಾವ ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳಿದ ಪ್ರಶ್ನೆ) ಇದ್ದಾರೆ, ಯಾವುದಕ್ಕೆ ಕಾಯುತ್ತಿದ್ದಾರೆ ಎಂಬುದನ್ನು ಅದು ಒಂದೊಂದು ಸಾಲಿನಲ್ಲಿ ತೋರಿಸುತ್ತದೆ. ಅಲ್ಲಿ ಒಂಬತ್ತು ಸಾಲುಗಳ ‘ವೇಟ್ ಇವೆಂಟ್ ಟೈಪ್’ ಕಾಲಂನಲ್ಲಿ ‘ಲಾಕ್’ ಎಂದಿತ್ತು. ಹತ್ತನೆಯದರ ಸ್ಥಿತಿ ‘ಐಡಲ್ ಇನ್ ಟ್ರಾನ್ಸಾಕ್ಷನ್’. ಅಂದರೆ ಟ್ರಾನ್ಸಾಕ್ಷನ್ (ಎಲ್ಲವೂ ಆಗಬೇಕು, ಇಲ್ಲವೇ ಎಲ್ಲವೂ ರದ್ದಾಗಬೇಕು ಎಂಬ ಕೆಲಸಗಳ ಕಟ್ಟು) ತೆರೆದಿಟ್ಟು, ಡೇಟಾಬೇಸಿಗೆ ಏನೂ ಕೆಲಸ ಹೇಳದೆ ಸುಮ್ಮನೆ ಕೂತಿದೆ. ‘ಪಿಜಿ ಬ್ಲಾಕಿಂಗ್ ಪಿಡ್ಸ್’ ಫಂಕ್ಷನ್‌ನಿಂದ ಯಾರು ಯಾರನ್ನು ತಡೆದಿದ್ದಾರೆ ಎಂದು ಜಾಡು ಹಿಡಿದರೆ, ಒಂಬತ್ತೂ ಕೊಂಡಿಗಳು ಆ ಸುಮ್ಮನೆ ಕೂತ ಹತ್ತನೆಯದಕ್ಕೇ ಹೋಗಿ ಸೇರುತ್ತಿದ್ದವು. ಎಲ್ಲರೂ ಬೇಡುತ್ತಿದ್ದುದು ಒಂದೇ ಟೇಬಲ್ಲಿನ ಒಂದೇ ಸಾಲನ್ನು: ಬಿಲ್ ಕ್ರಮಸಂಖ್ಯೆಯ ಸಾಲು.

ಇಂಥ ಹೊತ್ತಿನಲ್ಲಿ ತಡೆದು ಕೂತಿರುವ ಆ ಒಂದು ಸೆಷನ್ನನ್ನು ಕೊಂದುಹಾಕುವ ಆಸೆ ಹುಟ್ಟುತ್ತದೆ. ಅದರಿಂದ ಒಬ್ಬ ಆಪರೇಟರಿನ ಬಿಲ್ ಹಾಳಾಗುತ್ತದೆ ಅಷ್ಟೇ. ಅದರ ಜಾಗಕ್ಕೆ ಸಾಲಿನಲ್ಲಿದ್ದ ಮುಂದಿನವರು ಬಂದು ಕೂರುತ್ತಾರೆ.

3 ಸೆಕೆಂಡಿನ ಲೆಕ್ಕ

ಈಗ ಕೋಡ್ ತೆರೆದು ನೋಡಿದೆವು. ಬಿಲ್ ಸೇವ್ ಒತ್ತಿದಾಗ ಆ್ಯಪ್ ಟ್ರಾನ್ಸಾಕ್ಷನ್ ತೆರೆಯುತ್ತದೆ, ಕ್ರಮಸಂಖ್ಯೆಯ ಸಾಲನ್ನು ಲಾಕ್ ಮಾಡಿ ಒಂದು ಹೆಚ್ಚಿಸುತ್ತದೆ, ಬಿಲ್ ಬರೆಯುತ್ತದೆ, ಐಆರ್‌ಎನ್‌ಗಾಗಿ ಹೊರಗೆ ಕೇಳುತ್ತದೆ, ಉತ್ತರ ಬಂದ ಮೇಲೆ ಕಮಿಟ್ ಮಾಡುತ್ತದೆ, ಅಂದರೆ ಎಲ್ಲವನ್ನೂ ಖಾಯಂ ಮಾಡಿ ಲಾಕ್ ಬಿಡುತ್ತದೆ. ಅಲ್ಲಿಯವರೆಗೆ ಕ್ರಮಸಂಖ್ಯೆಯ ಸಾಲು ಅದರ ಕೈಯಲ್ಲೇ.

ಬರೆದವರು ಯೋಚಿಸದೆ ಬರೆದದ್ದಲ್ಲ ಇದು. ಜಿಎಸ್‌ಟಿ ನಿಯಮದಂತೆ ಬಿಲ್ ಸಂಖ್ಯೆ 16 ಅಕ್ಷರ ಮೀರದೆ, ಒಂದರ ಹಿಂದೆ ಒಂದು ಬರಬೇಕು, ಆ ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ (ತಾನಾಗಿ ಮುಂದಿನ ಸಂಖ್ಯೆ ಕೊಡುವ ವ್ಯವಸ್ಥೆ) ಬಳಸಿದರೆ ಟ್ರಾನ್ಸಾಕ್ಷನ್ ರದ್ದಾದಾಗ ಸಂಖ್ಯೆ ವಾಪಸ್ ಬರುವುದಿಲ್ಲ, ನಡುವೆ ಖಾಲಿ ಬೀಳುತ್ತದೆ. ಅದಕ್ಕೇ ಕ್ರಮಸಂಖ್ಯೆಗೆ ಪ್ರತ್ಯೇಕ ಸಾಲು ಇಟ್ಟರು. ಐಆರ್‌ಎನ್ ಸಿಗದಿದ್ದರೆ ಸಂಖ್ಯೆಯೂ ಹಿಂದಕ್ಕೆ ಹೋಗಲಿ ಎಂದು ಎಲ್ಲವನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಕಟ್ಟಿದರು. ಉದ್ದೇಶ ಒಳ್ಳೆಯದೇ.

ಆದರೆ ಅದರ ಬೆಲೆ ನೋಡಿ. ಒಂದು ಬಿಲ್ ಆ ಲಾಕನ್ನು 3 ಸೆಕೆಂಡು ಹಿಡಿದರೆ, ನಿಮಿಷಕ್ಕೆ 60 ಭಾಗಿಸು 3, ಅಂದರೆ 20 ಬಿಲ್. ಕಲಬುರಗಿ, ಬೀದರ್, ಯಾದಗಿರಿ ಮೂರೂ ಸೇರಿ ಇಡೀ ಸಂಸ್ಥೆಗೆ ಇಪ್ಪತ್ತೇ. ನೂರು ಕೋರ್‌ಗಳ ಸರ್ವರ್ ತಂದರೂ ಇಪ್ಪತ್ತೊಂದನೆಯದು ಆಗುವುದಿಲ್ಲ.

ಬೀದರ್ ಸೇರುವ ಮೊದಲು ಅತಿ ದಟ್ಟಣೆಯ ಹೊತ್ತಿನಲ್ಲೂ ನಿಮಿಷಕ್ಕೆ 14-15 ಬಿಲ್ ಬರುತ್ತಿದ್ದವು. ಸ್ವಲ್ಪ ಕಾಯಬೇಕಾಗುತ್ತಿತ್ತು, ಆದರೆ ಕೆಲಸ ನಡೆಯುತ್ತಿತ್ತು. ಬೀದರ್ ಸೇರಿದ ಮೇಲೆ ಸೋಮವಾರ ಬೆಳಿಗ್ಗೆ 24. ಭಾನುವಾರದ ಆರ್ಡರ್ ಎಲ್ಲ ಅಂದೇ ಬಂದು ಬೀಳುತ್ತದೆ. ನಿಮಿಷಕ್ಕೆ 4 ಬಿಲ್ ಬಾಕಿ ಉಳಿದರೆ ಐದು ನಿಮಿಷಕ್ಕೆ 20 ಜನ ಸಾಲಿನಲ್ಲಿ. ಪೂಲಿನ ಹತ್ತು ಕನೆಕ್ಷನ್ ತುಂಬಿ, ಹನ್ನೊಂದನೆಯವರು ಹೊರಗೆ ನಿಲ್ಲುತ್ತಾರೆ, ಅವರ ಹಿಂದೆ ಬಾಕಿ ನೋಡುವವರೂ ನಿಲ್ಲುತ್ತಾರೆ. 30 ಸೆಕೆಂಡು ಕಳೆದು ತಪ್ಪಿನ ಸಂದೇಶ ಬಂದಾಗ ಎಲ್ಲರೂ ಮತ್ತೆ ಸೇವ್ ಒತ್ತುತ್ತಾರೆ. ಸಾಲು ಇನ್ನೂ ಉದ್ದವಾಗುತ್ತದೆ.

ಗಮನಿಸಿ: ಏನೂ ಕೆಟ್ಟಿರಲಿಲ್ಲ. ಹೊರಗಿನ ಸೇವೆ ಮೊದಲಿನಷ್ಟೇ 3 ಸೆಕೆಂಡು ತೆಗೆದುಕೊಳ್ಳುತ್ತಿತ್ತು, ಡೇಟಾಬೇಸ್ ಸರಿಯಿತ್ತು, ನೆಟ್ ಸರಿಯಿತ್ತು. ಒಂದು ಮಿತಿ ಮೊದಲಿನಿಂದಲೂ ಇತ್ತು, ಆ ಸೋಮವಾರ ನಾವು ಅದನ್ನು ದಾಟಿದೆವು. ‘ನಿನ್ನೆತನಕ ಛಲೋ ಇತ್ತಲ್ಲ’ ಎಂಬ ಮಾತು ಬಂದಾಗ ಕೆಟ್ಟದ್ದನ್ನು ಹುಡುಕುವುದರ ಜೊತೆಗೆ ಹೆಚ್ಚಾದದ್ದನ್ನೂ ಹುಡುಕಬೇಕು.

ಅದಕ್ಕೆ ಮೊದಲು ಮಾಡಿದ ಖರ್ಚು

ಮೊದಲ ಸೋಮವಾರ ಯಾದಗಿರಿಯ ನೆಟ್ ಬದಲಾಯಿಸಲಾಯಿತು. ಎರಡನೆಯ ಸೋಮವಾರದ ಮುಂಚೆ ಸರ್ವರಿನ ಮೆಮರಿ 32 ಜಿಬಿಯಿಂದ 64ಕ್ಕೆ ಏರಿತು, ಪೂಲಿನ ಕನೆಕ್ಷನ್ 10ರಿಂದ 50ಕ್ಕೆ ಏರಿತು. ಮೊದಲೆರಡರಿಂದ ಏನೂ ಆಗಲಿಲ್ಲ. ಮೂರನೆಯದರಿಂದ ಕೆಡುಕಾಯಿತು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪೂಲ್ ದೊಡ್ಡದಾದಾಗ ಹೊರಗೆ ನಿಂತಿದ್ದವರೆಲ್ಲ ಒಳಗೆ ಬಂದು ನಿಂತರು. ಸಾಲು ಕರಗಲಿಲ್ಲ, ಪಡಸಾಲೆ ದೊಡ್ಡದಾಯಿತು. ಈಗ ನಲವತ್ತು ಜನ ಲಾಕಿಗಾಗಿ ಕಾದರೆ ಕಡೆಯವರ ಪಾಳಿ ಬರಲು 120 ಸೆಕೆಂಡು ಬೇಕು. ಆದರೆ ಎಂಜಿನ್‌ಎಕ್ಸ್ 60ಕ್ಕೇ 504 ಕೊಟ್ಟುಬಿಡುತ್ತದೆ. ಆಪರೇಟರಿಗೆ ಬಿಲ್ ಆಗಲಿಲ್ಲ ಎಂದು ಕಾಣುತ್ತದೆ, ಅವರು ಮತ್ತೆ ಹೊಡೆಯುತ್ತಾರೆ. ಇತ್ತ ಆ್ಯಪ್‌ಗೆ ಆಪರೇಟರ್ ಬಿಟ್ಟುಹೋದದ್ದು ಗೊತ್ತಿಲ್ಲ. ಅದು ತನ್ನ ಪಾಳಿ ಬಂದಾಗ ಮೊದಲ ಬಿಲ್ಲನ್ನೂ ಬರೆದು ಐಆರ್‌ಎನ್ ತಂದು ಮುಗಿಸುತ್ತದೆ. ಅಂದು ಒಂದೇ ಮಾಲಿಗೆ ಎರಡೆರಡು ಬಿಲ್ ಆದವು. ಲೆಕ್ಕದ ವಿಭಾಗದವರು ರಾತ್ರಿ ಒಂಬತ್ತರವರೆಗೆ ಕೂತು ರದ್ದು ಮಾಡಿದರು. ಅದೇ ರಾತ್ರಿ ಪೂಲನ್ನು ಮತ್ತೆ 10ಕ್ಕೆ ಇಳಿಸಿದೆವು. ಪೂಲಿನ ಗಾತ್ರ ಹೆಚ್ಚಿಸಿದ ಮೇಲೆ ತಪ್ಪಿನ ಸಮಯ 30ರಿಂದ 60ಕ್ಕೆ ಹೋಯಿತು ಎಂದರೆ, ಸಾಲು ಇನ್ನೂ ಒಳಗೆಲ್ಲೋ ಇದೆ ಎಂದೇ ಅರ್ಥ.

ಸರಿಪಡಿಸಿದ್ದು

ಮುಖ್ಯ ಬದಲಾವಣೆ ಒಂದೇ: ಹೊರಗಿನ ಕರೆಯನ್ನು ಟ್ರಾನ್ಸಾಕ್ಷನ್ನಿನಿಂದ ಆಚೆ ತೆಗೆದೆವು. ಈಗ ಸೇವ್ ಒತ್ತಿದಾಗ ಕ್ರಮಸಂಖ್ಯೆ ಪಡೆದು, ಬಿಲ್ಲನ್ನು ‘ಐಆರ್‌ಎನ್ ಬಾಕಿ’ ಎಂಬ ಸ್ಥಿತಿಯಲ್ಲಿ ಬರೆದು, ಕೂಡಲೇ ಕಮಿಟ್. ಲಾಕ್ ಹಿಡಿಯುವುದು ಸುಮಾರು 15 ಮಿಲಿಸೆಕೆಂಡು. ಅದೇ ಲೆಕ್ಕದಲ್ಲಿ ಮಿತಿ ನಿಮಿಷಕ್ಕೆ 20ರಿಂದ 4000ಕ್ಕೆ ಹೋಯಿತು. ಆಮೇಲೆ ಹಿನ್ನೆಲೆಯಲ್ಲಿ ಓಡುವ ವರ್ಕರ್‌ಗಳು ಬಾಕಿ ಬಿಲ್ಲುಗಳಿಗೆ ಐಆರ್‌ಎನ್ ತರಿಸುತ್ತವೆ. ಐಆರ್‌ಎನ್ ಇಲ್ಲದೆ ಬಿಲ್ ಮಾನ್ಯವಲ್ಲ, ಆದ್ದರಿಂದ ಅದು ಬರುವವರೆಗೆ ಪ್ರಿಂಟ್ ಬಟನ್ ತೆರೆಯುವುದಿಲ್ಲ. ಆಪರೇಟರ್ ಅಷ್ಟರಲ್ಲಿ ಮುಂದಿನ ಬಿಲ್ ಹೊಡೆಯುತ್ತಾರೆ.

ವರ್ಕರ್ ಎಷ್ಟು ಬೇಕು? ಜಾನ್ ಲಿಟ್ಲ್ ಎಂಬವರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರವೊಂದಿದೆ: ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ ಬರುವ ವೇಗವನ್ನು ಒಳಗಿರುವ ಸಮಯದಿಂದ ಗುಣಿಸಿದ್ದು. ನಿಮಿಷಕ್ಕೆ 24 ಬಿಲ್, ಒಂದಕ್ಕೆ 3 ಸೆಕೆಂಡು ಎಂದರೆ ಒಂದು ಹೊತ್ತಿಗೆ ಸರಾಸರಿ 1.2 ಕರೆಗಳು ನಡೆಯುತ್ತಿರುತ್ತವೆ. ಹೊರಗಿನ ಸೇವೆ ನಿಧಾನವಾಗಿ ಒಂದಕ್ಕೆ 10 ಸೆಕೆಂಡು ಹಿಡಿದರೆ 4. ನಾವು 6 ವರ್ಕರ್ ಇಟ್ಟೆವು. ಹೊಸ ಶಾಖೆ ಸೇರಿಸುವ ಮಾತು ಬಂದಾಗಲೆಲ್ಲ ಈಗ ಮೊದಲು ಈ ಗುಣಾಕಾರ ಮಾಡುತ್ತೇವೆ.

ಹೊರಗಿನ ಕರೆಗೆ ಸಂಪರ್ಕಕ್ಕೆ 3 ಸೆಕೆಂಡು, ಉತ್ತರಕ್ಕೆ 15 ಸೆಕೆಂಡು ಎಂದು ಟೈಮ್‌ಔಟ್ ಇಟ್ಟೆವು. ಟೈಮ್‌ಔಟ್ ಆದ ಬಿಲ್ಲನ್ನು ಕಣ್ಣುಮುಚ್ಚಿ ಮತ್ತೆ ಕಳಿಸುವುದಿಲ್ಲ. ಐಆರ್‌ಎನ್ ಎಂಬುದು ಮಾರುವವರ ಜಿಎಸ್‌ಟಿ ಸಂಖ್ಯೆ, ದಾಖಲೆಯ ಬಗೆ, ದಾಖಲೆ ಸಂಖ್ಯೆ, ಹಣಕಾಸು ವರ್ಷ ಇವುಗಳಿಂದ ಹುಟ್ಟುವ 64 ಅಕ್ಷರಗಳ ಗುರುತು, ಹಾಗಾಗಿ ಅದೇ ಬಿಲ್ ಎರಡನೇ ಸಲ ಹೋದರೆ ನಕಲು ಎಂದು ತಿರಸ್ಕೃತವಾಗುತ್ತದೆ. ಮೊದಲ ಕರೆ ಅಲ್ಲಿ ತಲುಪಿ ಉತ್ತರವಷ್ಟೇ ನಮಗೆ ಬಾರದೆ ಇದ್ದಿರಬಹುದು. ಆದ್ದರಿಂದ ಮೊದಲು ದಾಖಲೆ ಸಂಖ್ಯೆ ಕೊಟ್ಟು ‘ಇದಕ್ಕೆ ಆಗಲೇ ಆಗಿದೆಯೇ’ ಎಂದು ಕೇಳಿ, ಇಲ್ಲವಾದರೆ ಮಾತ್ರ ಕಳಿಸುತ್ತೇವೆ.

ಇನ್ನುಳಿದವು ಚಿಕ್ಕವು. ಒಂದಕ್ಕಿಂತ ಹೆಚ್ಚು ಬಿಲ್ ಸಂಖ್ಯೆಯ ಸರಣಿ ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶವಿರುವುದರಿಂದ ಮೂರು ಊರಿಗೆ ಮೂರು ಸರಣಿ ಮಾಡಿದೆವು. ಸೇವ್ ಒತ್ತಿದಾಗ ಬ್ರೌಸರ್ ಒಂದು ಗುರುತು ಕಳಿಸುತ್ತದೆ, ಅದೇ ಗುರುತು ಮತ್ತೆ ಬಂದರೆ ಹೊಸ ಬಿಲ್ ಹುಟ್ಟುವುದಿಲ್ಲ. ವರದಿಗಳಿಗೆ ಬೇರೆಯೇ ಪೂಲ್. ಡೇಟಾಬೇಸಿನಲ್ಲಿ ಸುಮ್ಮನೆ ತೆರೆದು ಕೂತ ಟ್ರಾನ್ಸಾಕ್ಷನ್ 30 ಸೆಕೆಂಡಿಗೆ ತಾನಾಗಿ ಮುಚ್ಚುತ್ತದೆ. ಈ ಮಿತಿಯನ್ನು ನಾವೇ ಹಾಕಬೇಕು, ಮೂಲದಲ್ಲಿ ಇರುವುದಿಲ್ಲ.

ಇದರಂತೆಯೇ ಕಾಣುವ ಬೇರೆ ದೋಷಗಳು

ಮಧ್ಯಾಹ್ನ ಎರಡರಿಂದ ಐದು, ಅದೂ ಏಪ್ರಿಲ್-ಮೇನಲ್ಲಿ ನಿಧಾನವಾದರೆ ಮೊದಲು ಸರ್ವರ್ ಕೋಣೆಯ ಎಸಿ ನೋಡಿ. ನಮ್ಮ ಕಡೆ ಆ ದಿನಗಳಲ್ಲಿ 40 ಡಿಗ್ರಿ ದಾಟುವುದು ವಾಡಿಕೆ, ಬಿಸಿಯಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಇಲ್ಲಿ ಸಿಪಿಯು ಬಳಕೆ ಹೆಚ್ಚಾಗಿಯೇ ಕಾಣುತ್ತದೆ, ಅದೇ ವ್ಯತ್ಯಾಸ.

ಒಂದು ವರದಿ ಮಾತ್ರ, ಒಂದು ದೊಡ್ಡ ಗ್ರಾಹಕನಿಗೆ ಮಾತ್ರ ನಿಧಾನವೆಂದರೆ ಆ್ಯಪ್ ಎಷ್ಟು ಕ್ವೆರಿ ಕಳಿಸುತ್ತಿದೆ ಎಂದು ಎಣಿಸಿ. ಆ್ಯಪ್ ಒಂದೂರಲ್ಲಿ, ಡೇಟಾಬೇಸ್ ಇನ್ನೊಂದೂರಲ್ಲಿ ಇದ್ದು ಹೋಗಿ ಬರಲು 12 ಮಿಲಿಸೆಕೆಂಡು ಎಂದುಕೊಳ್ಳಿ. 400 ಬಿಲ್ಲಿಗೆ ಒಂದೊಂದು ಕ್ವೆರಿ ಹೋದರೆ 4.8 ಸೆಕೆಂಡು ದಾರಿಯಲ್ಲೇ ಕಳೆಯುತ್ತದೆ. ಪ್ರತಿ ಕ್ವೆರಿಯೂ ಚುರುಕಾಗಿರುವುದರಿಂದ ನಿಧಾನ ಕ್ವೆರಿಗಳ ಪಟ್ಟಿಯಲ್ಲಿ ಇದು ಸಿಗುವುದಿಲ್ಲ. ‘ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್’ ಎಂಬ ಪೋಸ್ಟ್‌ಗ್ರೆಸ್ ನೋಟದಲ್ಲಿ ಒಂದು ಕ್ವೆರಿಯನ್ನು ಎಷ್ಟು ಸಲ ಕರೆಯಲಾಗಿದೆ ಎಂಬ ಕಾಲಂ ನೋಡಿ.

ನಿನ್ನೆ ದೊಡ್ಡ ಪ್ರಮಾಣದಲ್ಲಿ ಮಾಹಿತಿ ತುಂಬಿ, ಇಂದು ಒಂದು ಕ್ವೆರಿ ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಹಿಡಿದರೆ ಟೇಬಲ್ಲಿನಲ್ಲಿ ಏನೆಷ್ಟಿದೆ ಎಂಬ ಡೇಟಾಬೇಸಿನ ಅಂದಾಜು ಹಳೆಯದಾಗಿರಬಹುದು, ಆ ಟೇಬಲ್ ಮೇಲೆ ಅನಲೈಜ್ (ಆ ಅಂದಾಜನ್ನು ಹೊಸದಾಗಿ ಮಾಡುವ ಆದೇಶ) ಓಡಿಸಿ. ಕೆಲವು ನಿಮಿಷಕ್ಕೊಮ್ಮೆ ಎಲ್ಲರಿಗೂ ಒಟ್ಟಿಗೆ ತಡೆದಂತಾಗಿ ತಾನೇ ಬಿಟ್ಟರೆ ಬಳಸಿ ಬಿಟ್ಟ ಮೆಮರಿಯನ್ನು ಗುಡಿಸುವ ಜಾವಾದ ಜಿಸಿ ಕೆಲಸದ ಲಾಗ್ ತೆರೆಯಿರಿ.

ಇನ್ನು ಗಡಿಯಾರ. ಎರಡು ಸರ್ವರಿನ ಲಾಗ್ ಪಕ್ಕಪಕ್ಕ ಇಡುವ ಮೊದಲು ಸಮಯ ಹೊಂದುತ್ತದೆಯೇ ನೋಡಿ. ಒಂದು ಲಾಗ್ ನಮ್ಮ ಸಮಯದಲ್ಲಿ, ಇನ್ನೊಂದು ಯುಟಿಸಿಯಲ್ಲಿ (ಜಾಗತಿಕ ಮಾನಕ ಸಮಯ) ಇದ್ದು ಐದೂವರೆ ಗಂಟೆ ಹಿಂದಿನ ತಪ್ಪನ್ನು ಈಗಿನದೆಂದು ಬೆನ್ನಟ್ಟಿದವರನ್ನು ನೋಡಿದ್ದೇನೆ. ಗಡಿಯಾರ ಹೊಂದಿಸುವ ಕ್ರೋನಿ ಎಂಬ ತಂತ್ರಾಂಶದಿಂದ ಸಮಯ ಹೊಂದಿಸಿ, ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಕೊಟ್ಟು ಎಂಜಿನ್‌ಎಕ್ಸ್‌ನಿಂದ ಡೇಟಾಬೇಸಿನವರೆಗೆ ಅದನ್ನೇ ಬರೆಸಿ. ಕೋರಿಕೆಯ ಇಂಥ ಜಾಡು ಹಿಡಿಯುವ ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಎಂಬ ಎರಡು ಯೋಜನೆಗಳು 2019ರಲ್ಲಿ ಸೇರಿ ಓಪನ್‌ಟೆಲಿಮೆಟ್ರಿ ಆಯಿತು. ಜಾವಾ ಆ್ಯಪ್‌ಗೆ ಅದರ ಏಜೆಂಟ್ ಸೇರಿಸಿದರೆ ಕೋಡ್ ಮುಟ್ಟದೆಯೇ ಈ ಜಾಡು ಸಿಗುತ್ತದೆ. ಅದು ನಮ್ಮಲ್ಲಿ ಮೊದಲೇ ಇದ್ದಿದ್ದರೆ ಬಿಲ್ ಸೇವ್‌ನ ಉದ್ದನೆಯ ಸಮಯದ ಗೆರೆಯೊಳಗೆ ಹೊರಗಿನ ಕರೆ ಕೂತಿರುವುದು ಮೊದಲ ಸೋಮವಾರವೇ ಕಣ್ಣಿಗೆ ಬೀಳುತ್ತಿತ್ತು.

ಈಗ ಕಾವಲಿಗೆ ಇಟ್ಟಿರುವುದು

ಎಚ್ಚರಿಕೆ ಗಂಟೆ ಕಡಿಮೆ ಇದ್ದಷ್ಟೂ ಒಳ್ಳೆಯದು, ಹೆಚ್ಚಾದರೆ ಎಲ್ಲರೂ ಮೊಬೈಲ್ ಸೈಲೆಂಟ್ ಮಾಡುತ್ತಾರೆ. ನಮ್ಮಲ್ಲಿ ನಾಲ್ಕೇ ಇವೆ. ಬಿಲ್ ಸೇವ್‌ನ 95ನೇ ಪರ್ಸೆಂಟೈಲ್ ಸಾಲಾಗಿ ಐದು ನಿಮಿಷ 2 ಸೆಕೆಂಡು ದಾಟಿದರೆ ಒಂದು. ಪೂಲಿನ ಹೊರಗೆ ಕಾಯುವವರು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಸೊನ್ನೆಗಿಂತ ಮೇಲಿದ್ದರೆ ಒಂದು. ‘ಐಆರ್‌ಎನ್ ಬಾಕಿ’ ಬಿಲ್ಲುಗಳಲ್ಲಿ ಅತಿ ಹಳೆಯದು 2 ನಿಮಿಷ ಮೀರಿದರೆ ಒಂದು. ಡೇಟಾಬೇಸಿನಲ್ಲಿ 10 ಸೆಕೆಂಡಿಗಿಂತ ಹೆಚ್ಚು ಹೊತ್ತು ಸುಮ್ಮನೆ ತೆರೆದಿರುವ ಟ್ರಾನ್ಸಾಕ್ಷನ್ ಕಂಡರೆ ಒಂದು. ಲಾಕ್ ಕಾಯುವಿಕೆಯ ಲಾಗನ್ನೂ ಆನ್ ಮಾಡಿದ್ದೇವೆ, ಒಂದು ಸೆಕೆಂಡಿಗಿಂತ ಹೆಚ್ಚು ಯಾರಾದರೂ ಲಾಕಿಗೆ ಕಾದರೆ ಪೋಸ್ಟ್‌ಗ್ರೆಸ್ ಅದನ್ನು ಬರೆದಿಡುತ್ತದೆ. ಸಿಪಿಯು, ಮೆಮರಿಯ ಗ್ರಾಫ್ ಇದೆ, ಗಂಟೆ ಇಲ್ಲ.

ಬದಲಾವಣೆ ಹಾಕಿದ ನಂತರದ ಸೋಮವಾರ ಹತ್ತೂವರೆಗೇ ಯಾದಗಿರಿ ಶಾಖೆಗೆ ಹೋಗಿ ಬಿಲ್ಲಿಂಗ್ ಟೇಬಲ್ಲಿನ ಪಕ್ಕ ಕೂತಿದ್ದೆ. 11:10ಕ್ಕೆ ನಿಮಿಷಕ್ಕೆ 26 ಬಿಲ್, 95ನೇ ಪರ್ಸೆಂಟೈಲ್ 0.6 ಸೆಕೆಂಡು, ಪೂಲಿನ ಹೊರಗೆ ಯಾರೂ ಇಲ್ಲ. ಐಆರ್‌ಎನ್ 3 ಸೆಕೆಂಡಿಗೇ ಬರುತ್ತಿತ್ತು, ಮೊದಲಿನಂತೆಯೇ. ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇರುವಾಗಲೇ ಅಕ್ಕ ಕಡೆಯ ಡಬ್ಬಿಗೆ ಬಿಲ್ ಅಂಟಿಸಿ ಹುಡುಗನ ಕೈಗೆ ಕೊಟ್ಟು, “ಜಲ್ದಿ ಹೋಗಪ್ಪ, ಇದರಾಗ ಇನ್ಸುಲಿನ್ ಅದ,” ಅಂದರು.